ನಕ್ಷೆ ತಂತ್ರಾಂಶ ಏಕೆ ಮುಚ್ಚಿಹೋಗುತ್ತದೆ, ಚಿಹ್ನೆಗಳು ಏಕೆ ಕೆಡುತ್ತವೆ

ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವವರು ಎರಡು ಬಗೆಯ ತೊಂದರೆಗಳನ್ನು ಮತ್ತೆ ಮತ್ತೆ ಎದುರಿಸುತ್ತಾರೆ. ಕೆಲಸದ ನಡುವೆ ತಂತ್ರಾಂಶ ತಾನಾಗಿ ಮುಚ್ಚಿಹೋಗುವುದು ಅಥವಾ ಹ್ಯಾಂಗ್ ಆಗಿ ನಿಂತುಬಿಡುವುದು ಮೊದಲನೆಯದು. ನಿನ್ನೆ ಸರಿಯಾಗಿಯೇ ಇದ್ದ ದೇವಸ್ಥಾನದ ಗುರುತು ಇಂದು ಪ್ರಶ್ನಾರ್ಥಕ ಚಿಹ್ನೆಯಾಗಿರುವುದು, ರೈಲುಹಳಿಯ ಅಡ್ಡಗೀಟುಗಳು ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿಯಾಗಿರುವುದು, ಊರಿನ ಹೆಸರು ಓದಲಾಗದ ಅಕ್ಷರಗಳ ಸಾಲಾಗಿರುವುದು ಎರಡನೆಯದು. ಮೊದಲನೆಯದು ಯಂತ್ರದ ದೋಷ, ಎರಡನೆಯದು ನಕ್ಷೆಯ ದೋಷ ಎಂದು ಬೇರೆ ಬೇರೆಯಾಗಿ ನೋಡುವುದು ರೂಢಿ. ಈ ವಿಂಗಡಣೆಯೇ ಹುಡುಕಾಟವನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಬಹಳಷ್ಟು ಸಂದರ್ಭಗಳಲ್ಲಿ ಎರಡರ ಬೇರೂ ಒಂದೇ ಆಗಿರುತ್ತದೆ: ನಕ್ಷೆಯ ಕಡತದಲ್ಲಿರುವ ಯಾವುದೋ ಒಂದು ಸೂಚನೆಯು ಇಲ್ಲದ ವಸ್ತುವನ್ನು ಕೇಳುತ್ತಿರುತ್ತದೆ, ಇಲ್ಲವೇ ಯಂತ್ರದ ಕೈಲಾಗದಷ್ಟು ಕೆಲಸವನ್ನು ಕೇಳುತ್ತಿರುತ್ತದೆ.

ಉದಾಹರಣೆಗೆ ಇಲ್ಲಿ ಕ್ಯೂಜಿಐಎಸ್ ತಂತ್ರಾಂಶವನ್ನು ತೆಗೆದುಕೊಂಡಿದ್ದೇನೆ. ಗ್ಯಾರಿ ಶೆರ್ಮನ್ 2002ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಹಣ ಕೊಡದೆ ಬಳಸಬಹುದು. ಪುಣೆ, ಮುಂಬಯಿ, ಗೋವಾಗಳಲ್ಲಿ ನಗರಯೋಜನೆ, ನೀರಾವರಿ, ಪರಿಸರ ಅಧ್ಯಯನಗಳಲ್ಲಿ ತೊಡಗಿರುವ ನಮ್ಮ ಕನ್ನಡಿಗರಲ್ಲಿ ಹಲವರಿಗೆ ಇದೇ ದಿನನಿತ್ಯದ ಸಾಧನ. ಅವರಲ್ಲಿ ಕೆಲವರು ಬಿಡುವಿನಲ್ಲಿ ಕನ್ನಡದ ಹೆಸರುಗಳಿರುವ ನಕ್ಷೆಗಳನ್ನೂ ಮಾಡುತ್ತಾರೆ. ಆಗ ಎದುರಾಗುವ ತೊಡಕುಗಳಿಗೆ ಇಂಗ್ಲಿಷಿನ ಕೈಪಿಡಿಗಳಲ್ಲಿ ಉತ್ತರ ಸಿಗುವುದು ಕಷ್ಟವಾದ್ದರಿಂದ ಅವುಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಾಜೆಕ್ಟ್ ಕಡತದಲ್ಲಿ ಏನಿದೆ

ನಾವು ಪ್ರಾಜೆಕ್ಟ್ ಎಂದು ಉಳಿಸುವ ಕಡತದಲ್ಲಿ ನಕ್ಷೆ ಇರುವುದಿಲ್ಲ. ಕ್ಯೂಜಿಝಡ್ ಎಂಬ ವಿಸ್ತರಣೆಯ ಆ ಕಡತ ವಾಸ್ತವವಾಗಿ ಒಂದು ಝಿಪ್ ಕಟ್ಟು. ಅದನ್ನು ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ರೂಪದಲ್ಲಿ ಬರೆದ ಪಠ್ಯ ಸಿಗುತ್ತದೆ, ಅದನ್ನು ನೋಟ್‌ಪ್ಯಾಡಿನಲ್ಲಿಯೂ ಓದಬಹುದು. ರಸ್ತೆಗಳ ದತ್ತಾಂಶ ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ, ಅದನ್ನು ಯಾವ ಬಣ್ಣದಲ್ಲಿ ಎಷ್ಟು ದಪ್ಪ ಎಳೆಯಬೇಕು, ಶಾಲೆಗಳಿಗೆ ಯಾವ ಚಿತ್ರವನ್ನು ಎಲ್ಲಿಂದ ತರಬೇಕು, ಹೆಸರುಗಳನ್ನು ಯಾವ ಫಾಂಟಿನಲ್ಲಿ ಬರೆಯಬೇಕು ಎಂಬ ಸೂಚನೆಗಳಷ್ಟೇ ಅದರಲ್ಲಿರುತ್ತವೆ. ಪ್ರಾಜೆಕ್ಟನ್ನು ತೆರೆದಾಗಲೆಲ್ಲ ತಂತ್ರಾಂಶವು ಆ ಸೂಚನೆಗಳನ್ನು ಓದಿ, ಹೇಳಿದ ಜಾಗಗಳಿಂದ ಎಲ್ಲವನ್ನೂ ತಂದು, ನಕ್ಷೆಯನ್ನು ಹೊಸದಾಗಿ ಎಳೆಯುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧದಷ್ಟು ಒಗಟುಗಳು ಬಿಡುತ್ತವೆ. ಮಾಟುಂಗಾದ ಪರಿಚಿತರೊಬ್ಬರು ಮುಂಬಯಿಯ ಕನ್ನಡ ಶಾಲೆಗಳು, ಸಂಘಗಳು, ದೇವಸ್ಥಾನಗಳನ್ನು ಗುರುತಿಸಿದ ನಕ್ಷೆಯೊಂದನ್ನು ಪುಣೆಗೆ ಕಳುಹಿಸಿದ್ದರು. ಅವರ ಕಂಪ್ಯೂಟರಿನಲ್ಲಿ ಸೊಗಸಾಗಿದ್ದ ನಕ್ಷೆ ಇಲ್ಲಿ ತೆರೆದಾಗ, ಶಾಲೆಗಳ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಿದ್ದವು, ದೇವಸ್ಥಾನಗಳ ಜಾಗದಲ್ಲಿ ಒಂದೊಂದು ರೋಮನ್ ಅಕ್ಷರವಿತ್ತು. ಇವು ಎರಡು ಬೇರೆ ಬೇರೆ ದೋಷಗಳ ಗುರುತುಗಳು. ಶಾಲೆಯ ಚಿಹ್ನೆ ಎಸ್‌ವಿಜಿ ಎಂಬ ರೇಖಾಚಿತ್ರದ ಕಡತ. ಆ ಕಡತ ಅವರ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿದಿತ್ತು, ಬಂದದ್ದು ಅದರ ವಿಳಾಸ ಮಾತ್ರ. ಎಸ್‌ವಿಜಿ ಚಿತ್ರ ಸಿಗದಿದ್ದಾಗ ಕ್ಯೂಜಿಐಎಸ್ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ. ದೇವಸ್ಥಾನದ ಗುರುತಾದರೋ ಒಂದು ಚಿತ್ರಫಾಂಟಿನ ಅಕ್ಷರ; ಪುಣೆಯ ಯಂತ್ರದಲ್ಲಿ ಆ ಫಾಂಟ್ ಇರಲಿಲ್ಲವಾದ್ದರಿಂದ ತಂತ್ರಾಂಶ ಬೇರೊಂದು ಸಾಧಾರಣ ಫಾಂಟಿನಲ್ಲಿ ಅದೇ ಕೀಲಿಯ ಅಕ್ಷರವನ್ನು ಬರೆದಿತ್ತು. ಹೀಗೆ, ಪ್ರಶ್ನಾರ್ಥಕ ಚಿಹ್ನೆ ಕಂಡರೆ ಚಿತ್ರದ ಕಡತವನ್ನು ಹುಡುಕಬೇಕು, ಒಂಟಿ ರೋಮನ್ ಅಕ್ಷರ ಕಂಡರೆ ಫಾಂಟನ್ನು ಹುಡುಕಬೇಕು. ಎರಡು ಸಂದರ್ಭಗಳಲ್ಲಿಯೂ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವುದರಿಂದ ಏನೂ ಆಗುವುದಿಲ್ಲ.

ಪರಿಹಾರ ಸರಳ. ಎಸ್‌ವಿಜಿ ಚಿಹ್ನೆಯನ್ನು ಆರಿಸುವ ಜಾಗದಲ್ಲಿಯೇ ಅದನ್ನು ಪ್ರಾಜೆಕ್ಟಿನೊಳಗೆ ಎಂಬೆಡ್ ಮಾಡುವ ಆಯ್ಕೆ ಇದೆ. ನಕ್ಷೆಯನ್ನು ಇನ್ನೊಬ್ಬರಿಗೆ ಕಳುಹಿಸುವುದಿದ್ದರೆ ಅದನ್ನೇ ಬಳಸುವುದು ಒಳ್ಳೆಯದು. ದತ್ತಾಂಶದ ಕಡತಗಳನ್ನೆಲ್ಲ ಪ್ರಾಜೆಕ್ಟ್ ಇರುವ ಫೋಲ್ಡರಿನ ಒಳಗೇ ಇಟ್ಟು, ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ವಿಳಾಸಗಳು ರಿಲೇಟಿವ್ (ಪ್ರಾಜೆಕ್ಟ್ ಇರುವ ಜಾಗದಿಂದ ಎಣಿಸುವಂಥವು) ಎಂದಿರುವುದನ್ನು ಖಚಿತಪಡಿಸಿಕೊಂಡರೆ ಇಡೀ ಫೋಲ್ಡರ್ ಯಾವ ಊರಿಗೆ ಹೋದರೂ ನಕ್ಷೆ ತೆರೆಯುತ್ತದೆ. ಚಿತ್ರಫಾಂಟುಗಳನ್ನು ನಾನು ಹೊಸ ನಕ್ಷೆಗಳಲ್ಲಿ ಬಳಸುವುದೇ ಇಲ್ಲ, ಬಳಸಬಾರದು ಎಂದೇ ಹೇಳುತ್ತೇನೆ. ಇನ್ನೊಂದು ಸಣ್ಣ ದೂರು ಆಗಾಗ ಕೇಳಿಬರುತ್ತದೆ: ಎಸ್‌ವಿಜಿ ಚಿತ್ರ ಬಂದಿದೆ, ಆದರೆ ಬಣ್ಣ ಬದಲಾಗುತ್ತಿಲ್ಲ ಎಂಬುದು. ಕ್ಯೂಜಿಐಎಸ್ ಬಣ್ಣ ಬದಲಿಸಬೇಕಾದರೆ ಚಿತ್ರದ ಕಡತದೊಳಗೆ ಬಣ್ಣದ ಜಾಗದಲ್ಲಿ ಪ್ಯಾರಂ ಎಂಬ ಪದವಿರುವ ವಿಶೇಷ ಬರಹ ಇರಬೇಕು. ಬೇರೆಲ್ಲಿಂದಲೋ ಇಳಿಸಿಕೊಂಡ ಚಿತ್ರಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಮುಚ್ಚಿಹೋಗುವ ತಂತ್ರಾಂಶ

ಎಲ್ಲಕ್ಕೂ ಮೊದಲು, ನಡೆದದ್ದು ನಿಜವಾಗಿಯೂ ಕ್ರ್ಯಾಶ್ ಹೌದೇ ಎಂದು ನೋಡಬೇಕು. ಪೈಥಾನ್ ದೋಷದ ಸಂದೇಶ ಕಾಣಿಸಿಕೊಂಡು ತಂತ್ರಾಂಶ ಎಂದಿನಂತೆ ನಡೆಯುತ್ತಿದ್ದರೆ ಅದು ಕ್ರ್ಯಾಶ್ ಅಲ್ಲ. ಯಾವುದೋ ಪ್ಲಗಿನ್ (ಹೆಚ್ಚುವರಿಯಾಗಿ ಸೇರಿಸುವ ಪುಟ್ಟ ಪೂರಕ ತಂತ್ರಾಂಶ) ಎಡವಿದೆ, ಅದರ ಹೆಸರು ಆ ಸಂದೇಶದಲ್ಲೇ ಸಾಮಾನ್ಯವಾಗಿ ಇರುತ್ತದೆ. ಕಿಟಕಿ ಬಿಳಿಚಿಕೊಂಡು ಅಲುಗದೆ ನಿಂತಿದ್ದರೆ ಅದು ಹ್ಯಾಂಗ್. ಅಷ್ಟರಲ್ಲಿ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ದುಡಿಯುತ್ತಲೇ ಇದ್ದರೆ ತಂತ್ರಾಂಶ ಸತ್ತಿಲ್ಲ, ಅದಕ್ಕೆ ವಹಿಸಿದ ಕೆಲಸ ಅತಿಯಾಗಿದೆ. ಮೆಮೊರಿಯ ಅಂಕಿ ಏರುತ್ತಾ ಏರುತ್ತಾ ಹೋಗಿ ತಂತ್ರಾಂಶ ಮಾಯವಾದರೆ ಕಾರಣ ಮೆಮೊರಿಯ ಕೊರತೆ. ಏನೂ ಏರದೆ, ಒಂದು ಗುಂಡಿ ಒತ್ತಿದೊಡನೆ ಮುಚ್ಚಿಕೊಂಡರೆ ಮಾತ್ರ ಪ್ಲಗಿನ್, ಗ್ರಾಫಿಕ್ಸ್ ಡ್ರೈವರ್ ಅಥವಾ ತಂತ್ರಾಂಶದ ದೋಷವನ್ನು ಶಂಕಿಸಬೇಕು. ಈ ನಾಲ್ಕನ್ನೂ ಕ್ರ್ಯಾಶ್ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಒಬ್ಬರಿಗೆ ಫಲಿಸಿದ ಉಪಾಯ ಇನ್ನೊಬ್ಬರಿಗೆ ಫಲಿಸುವುದಿಲ್ಲ.

ಪ್ಲಗಿನ್‌ಗಳ ಮೇಲೆ ಅನುಮಾನವಿದ್ದರೆ ಅವನ್ನು ಒಂದೊಂದಾಗಿ ತೆಗೆಯುತ್ತಾ ಕೂರಬೇಕಿಲ್ಲ. ಸೆಟ್ಟಿಂಗ್ಸ್ ಅಡಿಯಲ್ಲಿ ಹೊಸ ಯೂಸರ್ ಪ್ರೊಫೈಲ್ ಒಂದನ್ನು ರಚಿಸಿದರೆ ಪ್ಲಗಿನ್‌ಗಳೂ ಹಳೆಯ ಹೊಂದಾಣಿಕೆಗಳೂ ಇಲ್ಲದ ಹೊಚ್ಚಹೊಸ ಕ್ಯೂಜಿಐಎಸ್ ತೆರೆದುಕೊಳ್ಳುತ್ತದೆ, ಹಳೆಯದು ಹಾಗೆಯೇ ಉಳಿದಿರುತ್ತದೆ. ಕಮಾಂಡ್ ಸಾಲಿನಿಂದ ತೆರೆಯುವವರು ನೋಪ್ಲಗಿನ್ಸ್ ಎಂಬ ಆಯ್ಕೆಯನ್ನು ಬಳಸಬಹುದು. ಹೊಸ ಪ್ರೊಫೈಲಿನಲ್ಲಿ ಅದೇ ಪ್ರಾಜೆಕ್ಟ್ ತೊಂದರೆಯಿಲ್ಲದೆ ನಡೆದರೆ ದೋಷ ಹಳೆಯ ಪ್ರೊಫೈಲಿನಲ್ಲಿದೆ ಎಂದು ತೀರ್ಮಾನಿಸಬಹುದು. ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದರೂ ತೊಂದರೆ ಮರಳಿ ಬರುವುದಕ್ಕೆ ಕಾರಣವೂ ಇಲ್ಲಿದೆ: ಅಳಿಸುವಾಗ ಪ್ರೊಫೈಲಿನ ಫೋಲ್ಡರ್ ಅಳಿಯುವುದಿಲ್ಲ. 2018ರಲ್ಲಿ ಬಂದ 3.0 ಆವೃತ್ತಿಯು ಪೈಥಾನ್ 3ಕ್ಕೆ ಬದಲಾದದ್ದರಿಂದ, ಅದಕ್ಕೂ ಹಿಂದಿನ ಪ್ಲಗಿನ್‌ಗಳು ತಿದ್ದುಪಡಿಯಿಲ್ಲದೆ ಈಗ ನಡೆಯುವುದಿಲ್ಲ ಎಂಬುದನ್ನೂ ಹಳೆಯ ಕಚೇರಿಗಳು ಗಮನಿಸಬೇಕು.

ಹೊಸ ಪ್ರೊಫೈಲಿನಲ್ಲಿಯೂ ಪ್ರಾಜೆಕ್ಟ್ ಮುಚ್ಚಿಹೋದರೆ ದೋಷ ಯಾವುದೋ ಒಂದು ಲೇಯರಿನಲ್ಲಿ, ಅಂದರೆ ರಸ್ತೆ, ಶಾಲೆಗಳಂತಹ ಒಂದು ಬಗೆಯ ದತ್ತಾಂಶದ ಪದರದಲ್ಲಿ, ಇದೆ ಎಂದು ಊಹಿಸುವುದು ನ್ಯಾಯ. ಖಾಲಿ ಕ್ಯೂಜಿಐಎಸ್ ತೆರೆದು, ಕೆಳಗಿನ ಸ್ಥಿತಿಪಟ್ಟಿಯಲ್ಲಿರುವ ರೆಂಡರ್ ಎಂಬ ಚೌಕದ ಗುರುತನ್ನು ಮೊದಲು ತೆಗೆದು, ಆಮೇಲೆ ಪ್ರಾಜೆಕ್ಟನ್ನು ತೆರೆಯಿರಿ. ಹೀಗೆ ಮಾಡಿದಾಗ ಸೂಚನೆಗಳೆಲ್ಲ ಬರುತ್ತವೆ, ನಕ್ಷೆಯನ್ನು ಎಳೆಯುವ ಕೆಲಸ ಮಾತ್ರ ನಡೆಯುವುದಿಲ್ಲ. ಅರ್ಧದಷ್ಟು ಲೇಯರ್‌ಗಳನ್ನು ಮರೆಮಾಡಿ ರೆಂಡರ್ ಹಚ್ಚಿ ನೋಡಿ. ತೊಂದರೆ ಕಾಣಿಸಿದ ಅರ್ಧವನ್ನು ಮತ್ತೆ ಎರಡು ಮಾಡಿ. ಮೂವತ್ತೆರಡು ಲೇಯರ್‌ಗಳಿದ್ದರೂ ಐದು ಸಲ ಭಾಗ ಮಾಡುವುದರೊಳಗೆ ತಪ್ಪಿತಸ್ಥ ಲೇಯರ್ ಸಿಗುತ್ತದೆ. ಆಮೇಲೆ ಆ ಲೇಯರಿನ ಚಿಹ್ನೆಯನ್ನು ಸಾಧಾರಣ ಒಂಟಿ ಬಣ್ಣಕ್ಕೆ ಬದಲಿಸಿ. ತೊಂದರೆ ಹೋದರೆ ದೋಷ ಚಿಹ್ನೆಯದು, ಉಳಿದರೆ ದತ್ತಾಂಶದ್ದು. ಮುಂದಿನ ದಾರಿಯೆಲ್ಲ ಈ ಒಂದು ಪರೀಕ್ಷೆಯಿಂದ ನಿರ್ಧಾರವಾಗುವುದರಿಂದ ಇದನ್ನು ಅವಸರದಲ್ಲಿ ಬಿಡಬಾರದು.

ದೋಷ ಚಿಹ್ನೆಯದ್ದಾದರೆ ಮೊದಲು ನೋಡಬೇಕಾದದ್ದು ಅಳತೆಯ ಘಟಕ. ಚಿಹ್ನೆಯ ಗಾತ್ರವನ್ನು ಮಿಲಿಮೀಟರಿನಲ್ಲಿಯೂ ಕೊಡಬಹುದು, ಮ್ಯಾಪ್ ಯೂನಿಟ್ ಎಂಬ ನೆಲದ ಅಳತೆಯಲ್ಲಿಯೂ ಕೊಡಬಹುದು. ಮುಂಬಯಿ, ಪುಣೆ, ಗೋವಾ ಮೂರೂ, ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ಉತ್ತರ ವಲಯದಲ್ಲಿ ಬರುತ್ತವೆ. ಪ್ರಾಜೆಕ್ಟ್ ಆ ವಲಯದಲ್ಲಿದ್ದಾಗ ಮ್ಯಾಪ್ ಯೂನಿಟ್ ಎಂದರೆ ಮೀಟರ್, ಹತ್ತು ಎಂದು ಕೊಟ್ಟ ಬಾವಿಯ ಗುರುತು ಹತ್ತು ಮೀಟರ್ ಅಗಲವಾಗಿರುತ್ತದೆ. ಅದೇ ಪ್ರಾಜೆಕ್ಟನ್ನು ಯಾರಾದರೂ ಅಕ್ಷಾಂಶ ರೇಖಾಂಶಗಳ ಪದ್ಧತಿಯಾದ ಇಪಿಎಸ್‌ಜಿ 4326ಕ್ಕೆ ಬದಲಿಸಿದರೆ ಮ್ಯಾಪ್ ಯೂನಿಟ್ ಎಂದರೆ ಡಿಗ್ರಿ. ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಆ ಬಾವಿಯ ಗುರುತು ಈಗ ಮುಂಬಯಿಯಿಂದ ಬೆಂಗಳೂರಿಗಿರುವ ದೂರಕ್ಕಿಂತಲೂ ಅಗಲ. ಪರದೆಯೆಲ್ಲ ಒಂದೇ ಬಣ್ಣವಾಗಿ, ತಂತ್ರಾಂಶ ನಿಂತುಹೋದಂತೆ ಕಾಣುವುದು ಇದರಿಂದ. ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ಖಾಲಿ ಪ್ರಾಜೆಕ್ಟಿಗೆ ಮೊದಲು ಅಂತರಜಾಲದ ಹಿನ್ನೆಲೆ ನಕ್ಷೆಯನ್ನು ಸೇರಿಸಿದರೆ ಪ್ರಾಜೆಕ್ಟ್ ಅದರ ವೆಬ್ ಮರ್ಕೇಟರ್ ಪದ್ಧತಿಯನ್ನೇ ಹಿಡಿಯುತ್ತದೆ. ಅಲ್ಲಿಯ ಮೀಟರ್ ನೆಲದ ಮೀಟರ್ ಅಲ್ಲ, ಮುಂಬಯಿಯ ಅಕ್ಷಾಂಶದಲ್ಲಿ ಸುಮಾರು ಶೇಕಡ 6ರಷ್ಟು ವ್ಯತ್ಯಾಸ ಬರುತ್ತದೆ. ನೆಲದ ಅಳತೆ ನಿಜವಾಗಿಯೂ ಬೇಕಾದವರು ಮೀಟರ್ಸ್ ಅಟ್ ಸ್ಕೇಲ್ ಎಂಬ ಘಟಕವನ್ನು ಆರಿಸಬೇಕು, ಉಳಿದವರಿಗೆ ಮಿಲಿಮೀಟರೇ ಕ್ಷೇಮ.

ಎರಡನೆಯದು ಮರುಕಳಿಕೆಯ ಅಂತರ. ರೈಲುಹಳಿಯ ಅಡ್ಡಗೀಟುಗಳನ್ನು ಕ್ಯೂಜಿಐಎಸ್ ಒಂದೊಂದಾಗಿ ಎಳೆಯುತ್ತದೆ. ಮಡಗಾಂವ್ ನಿಲ್ದಾಣದ ಸುತ್ತಲಿನ ಸಣ್ಣ ನಕ್ಷೆಗೆಂದು ಗೀಟುಗಳ ನಡುವೆ ಒಂದು ಮೀಟರ್ ಅಂತರ ಕೊಟ್ಟು, ಅದೇ ಚಿಹ್ನೆಯನ್ನು ಇಡೀ ಕೊಂಕಣ ರೈಲುಮಾರ್ಗಕ್ಕೆ ಹಚ್ಚಿದರೆ ಏನಾಗುತ್ತದೆಂದು ನೋಡಿ. ಆ ಮಾರ್ಗದ ಉದ್ದ 700 ಕಿಲೋಮೀಟರಿಗೂ ಹೆಚ್ಚು. ನಕ್ಷೆಯನ್ನು ಪೂರ್ತಿ ಕಾಣುವಂತೆ ಕುಗ್ಗಿಸಿದಾಗಲೆಲ್ಲ ತಂತ್ರಾಂಶ ಏಳು ಲಕ್ಷಕ್ಕೂ ಮಿಕ್ಕಿ ಗೀಟುಗಳನ್ನು ಎಳೆಯಬೇಕು. ಪರದೆಯ ಮೇಲೆ ಅವೆಲ್ಲ ಕೂಡಿ ಕಾಣುವುದು ಒಂದು ಕಪ್ಪು ಪಟ್ಟಿ ಮಾತ್ರ. ಚಿಹ್ನೆ ಕೆಟ್ಟಂತೆ ಕಾಣುವುದಕ್ಕೂ ತಂತ್ರಾಂಶ ಹ್ಯಾಂಗ್ ಆಗುವುದಕ್ಕೂ ಇಲ್ಲಿ ಒಂದೇ ಅಂಕಿ ಕಾರಣ. ಕಾಡು, ಜೌಗು, ತೋಟಗಳಿಗೆ ತುಂಬುವ ಚುಕ್ಕಿ ವಿನ್ಯಾಸಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಂತರವನ್ನು ಮಿಲಿಮೀಟರಿಗೆ ಬದಲಿಸುವುದು, ದೂರದಿಂದ ನೋಡುವಾಗ ಬೇರೆ ಸರಳ ಚಿಹ್ನೆ ಬರುವಂತೆ ಸ್ಕೇಲಿನ ಮಿತಿ ಹಾಕುವುದು ಇದಕ್ಕೆ ಮದ್ದು. ಎಳೆಯುವ ಕೆಲಸ ನಡೆಯುತ್ತಿರುವಾಗ ಎಸ್ಕೇಪ್ ಕೀಲಿ ಒತ್ತಿದರೆ ಅದು ನಿಲ್ಲುತ್ತದೆ ಎಂಬುದೂ ನೆನಪಿರಲಿ.

ದೋಷವೇ ಅಲ್ಲದ ಒಂದನ್ನೂ ಇಲ್ಲಿ ಹೇಳಬೇಕು. ಪುಣೆಯ ಸ್ವಾರ್‌ಗೇಟಿನಂತಹ ಚೌಕದಲ್ಲಿ ರಸ್ತೆಗಳು ಕೂಡುವಲ್ಲಿ ಒಂದು ರಸ್ತೆಯ ಅಂಚುಗೆರೆ ಇನ್ನೊಂದನ್ನು ಅಡ್ಡ ಕತ್ತರಿಸಿದಂತೆ ಕಾಣುವುದು ಚಿಹ್ನೆ ಕೆಟ್ಟದ್ದರಿಂದ ಅಲ್ಲ, ಎಳೆಯುವ ಕ್ರಮದಿಂದ. ಸಿಂಬಲ್ ಲೆವೆಲ್ಸ್ ಎಂಬ ಆಯ್ಕೆಯನ್ನು ಹಚ್ಚಿ ಅಂಚುಗೆರೆಗಳನ್ನೆಲ್ಲ ಮೊದಲು, ಒಳಬಣ್ಣವನ್ನೆಲ್ಲ ಆಮೇಲೆ ಎಳೆಯುವಂತೆ ಹೇಳಿದರೆ ಸರಿಹೋಗುತ್ತದೆ.

ಸರಳ ಬಣ್ಣ ಹಚ್ಚಿದರೂ ತೊಂದರೆ ಉಳಿದರೆ ದತ್ತಾಂಶವನ್ನು ಪರೀಕ್ಷಿಸಬೇಕು. ಗೋವಾದಲ್ಲಿ ಉಪ್ಪುನೀರನ್ನು ಬದು ಕಟ್ಟಿ ತಡೆದು ಮಾಡಿದ ಖಜಾನ್ ಗದ್ದೆಗಳನ್ನು ಉಪಗ್ರಹ ಚಿತ್ರದ ಮೇಲೆ ಗುರುತಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಉಪ್ಪುನೀರಿನ ಕಾಲುವೆಗಳ ಬದಿಯಲ್ಲಿ ಬದುಗಳು ಕಿರಿದಾಗಿ ಬಳುಕುತ್ತಾ ಹೋಗುತ್ತವೆ. ಅವುಗಳ ಗುಂಟ ಗಡಿ ಎಳೆಯುವಾಗ ಒಂದು ಬಿಂದು ಆಚೆ ಬಿದ್ದರೂ ಗಡಿರೇಖೆ ತನ್ನನ್ನೇ ಅಡ್ಡಹಾಯುತ್ತದೆ. ಅಂತಹ ಬಹುಭುಜದ ವಿಸ್ತೀರ್ಣ ತಪ್ಪಾಗಿ ಬರುತ್ತದೆ, ಬಣ್ಣ ಅರ್ಧಂಬರ್ಧ ತುಂಬುತ್ತದೆ, ಬಫರ್ (ಸುತ್ತ ನಿಗದಿತ ದೂರದ ಪಟ್ಟಿ ಎಳೆಯುವುದು) ಅಥವಾ ಕತ್ತರಿಸುವ ಕ್ರಿಯೆಗಳು ನಡುವೆ ನಿಲ್ಲುತ್ತವೆ. ಪ್ರೊಸೆಸಿಂಗ್ ಪೆಟ್ಟಿಗೆಯಲ್ಲಿರುವ ಚೆಕ್ ವ್ಯಾಲಿಡಿಟಿ ಸಾಧನ ಆ ಜಾಗಗಳನ್ನು ತೋರಿಸುತ್ತದೆ, ಫಿಕ್ಸ್ ಜಿಯಾಮೆಟ್ರೀಸ್ ಅವನ್ನು ತಿದ್ದುತ್ತದೆ. ತಿದ್ದಿದ್ದನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು, ಏಕೆಂದರೆ ಸಾಧನ ಗಣಿತದ ನಿಯಮವನ್ನು ಪಾಲಿಸುತ್ತದೆಯೇ ಹೊರತು ಬದು ನಿಜವಾಗಿ ಎಲ್ಲಿದೆ ಎಂಬುದು ಅದಕ್ಕೆ ತಿಳಿಯದು.

ಮುದ್ರಣಕ್ಕೆ ಕಳುಹಿಸುವಾಗ ಮಾತ್ರ ತಂತ್ರಾಂಶ ಮುಚ್ಚಿಹೋಗುತ್ತಿದ್ದರೆ ಲೆಕ್ಕ ಹಾಕಿ ನೋಡಿ. ಎ-0 ಹಾಳೆ 841 ಮತ್ತು 1189 ಮಿಲಿಮೀಟರ್. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಗಳಂತೆ, ಅದು ಸುಮಾರು 14 ಕೋಟಿ ಚುಕ್ಕಿಗಳ ಚಿತ್ರ. ಚುಕ್ಕಿಗೆ ನಾಲ್ಕು ಬೈಟ್‌ನಂತೆ ಸುಮಾರು 560 ಮೆಗಾಬೈಟ್ ಮೆಮೊರಿ ಬೇಕು. 600 ಡಿಪಿಐ ಎಂದರೆ ಅದರ ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ ಎರಡು ಗಿಗಾಬೈಟಿಗೂ ಹೆಚ್ಚು. ಪಿಡಿಎಫ್ ಮಾಡಿದರೆ ಈ ಹೊರೆ ತಪ್ಪುತ್ತದೆ ಎಂದು ಹಲವರು ನಂಬುತ್ತಾರೆ. ಆದರೆ ಲೇಯರಿಗೆ, ಅದರ ಬಣ್ಣ ಕೆಳಗಿನ ಲೇಯರ್‌ಗಳ ಬಣ್ಣದೊಂದಿಗೆ ಬೆರೆಯುವಂತೆ ಮಾಡುವ ಬ್ಲೆಂಡ್ ಮೋಡ್ ಹಚ್ಚಿದ್ದರೆ ಅದು ಪಿಡಿಎಫ್‌ನೊಳಗೂ ಚುಕ್ಕಿಚಿತ್ರವಾಗಿಯೇ ಹೋಗುತ್ತದೆ. ಗೋಡೆಗೆ ಹಾಕುವ ನಕ್ಷೆಯನ್ನು ಜನ ಎರಡು ಅಡಿ ದೂರದಿಂದ ನೋಡುತ್ತಾರೆ, ಅದಕ್ಕೆ 200 ಡಿಪಿಐ ಸಾಕು.

ಕನ್ನಡದ ಹೆಸರುಗಳು ಕೆಟ್ಟಾಗ

ಹೆಸರು ಹೇಗೆ ಕೆಟ್ಟಿದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಕಾರಣ ಅಲ್ಲಿಯೇ ಬರೆದಿರುತ್ತದೆ. ಖಾಲಿ ಚೌಕಗಳು ಕಂಡರೆ ದತ್ತಾಂಶ ಸರಿಯಿದೆ, ಫಾಂಟಿನಲ್ಲಿ ಕನ್ನಡ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಅಥವಾ ವಿಂಡೋಸಿನ ನಿರ್ಮಲಾ ಫಾಂಟನ್ನು ಆರಿಸಿದರೆ ಮುಗಿಯಿತು. ತಲೆಯ ಮೇಲೆ ಓರೆಗೀಟಿರುವ ರೋಮನ್ ಅಕ್ಷರವೂ ಅದರ ಪಕ್ಕದಲ್ಲಿ ಮೇಲಕ್ಕೆ ಬರೆದ ಪುಟ್ಟ 2 ಅಥವಾ 3ರ ಅಂಕಿಯೂ ಪದೇ ಪದೇ ಬರುತ್ತಿದ್ದರೆ, ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಇರುವ ಕನ್ನಡವನ್ನು ತಂತ್ರಾಂಶ ಬೇರೆ ಎನ್‌ಕೋಡಿಂಗ್ ಎಂದು ಭಾವಿಸಿ ಓದುತ್ತಿದೆ ಎಂದರ್ಥ. ಅದೇ ಜಾಗದಲ್ಲಿ ಜಪಾನಿನ ಯೆನ್ ನಾಣ್ಯದ ಗುರುತು ಬರುತ್ತಿದ್ದರೆ ಮೂಲದಲ್ಲಿರುವುದು ಮರಾಠಿ ಅಥವಾ ಕೊಂಕಣಿಯ ದೇವನಾಗರಿ. ಇಲ್ಲಿಯೂ ದತ್ತಾಂಶ ಸುರಕ್ಷಿತ. ಶೇಪ್‌ಫೈಲ್ ಎಂಬ ಹಳೆಯ ದತ್ತಾಂಶ ರೂಪದ ಜೊತೆಗಿರಬೇಕಾದ, ಎನ್‌ಕೋಡಿಂಗ್ ಯಾವುದೆಂದು ತಿಳಿಸುವ ಸಿಪಿಜಿ ಎಂಬ ಪುಟ್ಟ ಕಡತ ಕಳೆದುಹೋಗಿರುತ್ತದೆ. ಲೇಯರಿನ ಪ್ರಾಪರ್ಟೀಸ್‌ನಲ್ಲಿ ಯುಟಿಎಫ್-8 ಎಂದು ಆರಿಸಿದರೆ ಕನ್ನಡ ಮರಳುತ್ತದೆ. ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಇದ್ದರೆ ಮಾತ್ರ ಸುದ್ದಿ ಕೆಟ್ಟದ್ದು: ಯಾರೋ ಅದನ್ನು ಕನ್ನಡ ಹಿಡಿಸದ ಎನ್‌ಕೋಡಿಂಗಿನಲ್ಲಿ ಉಳಿಸಿದ್ದಾರೆ, ಅಕ್ಷರಗಳು ಅಳಿದುಹೋಗಿವೆ, ಮೂಲ ಕಡತವನ್ನೇ ಹುಡುಕಬೇಕು. ಇನ್ನು ರೋಮನ್ ಅಕ್ಷರಗಳ ನಡುವೆ ಪೌಂಡ್ ನಾಣ್ಯದ ಗುರುತು ಸೇರಿದಂತಹ ಗೋಜಲು ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕನ್ನಡ. ಮರಾಠಿ ಕಚೇರಿಗಳಿಂದ ಬರುವ ಶ್ರೀಲಿಪಿಯ ಕಡತಗಳೂ ಇದೇ ಜಾತಿಗೆ ಸೇರಿದವು. ಫಾಂಟ್ ಹಾಕಿ ಕಣ್ಣಿಗೆ ಕನ್ನಡ ಕಾಣುವಂತೆ ಮಾಡಬಹುದಾದರೂ ಅದನ್ನು ಹುಡುಕಲು, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ. ಯುನಿಕೋಡಿಗೆ ಪರಿವರ್ತಿಸುವುದೊಂದೇ ದಾರಿ.

ಶೇಪ್‌ಫೈಲ್ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಅದರಲ್ಲಿ ಕಾಲಮ್ಮಿನ ಹೆಸರಿಗೆ ಇರುವುದು ಹತ್ತೇ ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ, ಗುಣಿತದ ಗುರುತಿಗೂ ಸೇರಿ, ಮೂರು ಬೈಟ್ ಬೇಕು. ‘ಊರು’ ಎಂಬುದರಲ್ಲಿ ಮೂರು ಸಂಕೇತಗಳು, ಒಂಬತ್ತು ಬೈಟ್, ಹಿಡಿಸುತ್ತದೆ. ‘ಹೆಸರು’ ಎಂಬುದರಲ್ಲಿ ಐದು ಸಂಕೇತಗಳು, ಹದಿನೈದು ಬೈಟ್, ತುಂಡಾಗುತ್ತದೆ. ಕಾಲಮ್ಮಿನ ಹೆಸರು ತುಂಡಾದರೆ ಅದನ್ನು ನಂಬಿ ಬರೆದ ಚಿಹ್ನೆಯ ನಿಯಮಗಳು ಯಾವ ಕಾಲಮ್ಮನ್ನೂ ಕಾಣದೆ ವಿಫಲವಾಗುತ್ತವೆ, ನಕ್ಷೆಯಲ್ಲಿ ಚಿಹ್ನೆಗಳು ಮಾಯವಾಗುತ್ತವೆ. ಒಂದು ಕೋಶದಲ್ಲಿ ಬರೆಯಬಹುದಾದ ಪಠ್ಯಕ್ಕೂ 254 ಬೈಟಿನ ಮಿತಿ ಇದೆ, ಎಂದರೆ ಕನ್ನಡದ 84 ಸಂಕೇತಗಳು. ಜಿಯೋಪ್ಯಾಕೇಜ್ ಎಂಬ ಇನ್ನೊಂದು ದತ್ತಾಂಶ ರೂಪದಲ್ಲಿ ಈ ಕಟ್ಟುಗಳಾವುವೂ ಇಲ್ಲವಾದ್ದರಿಂದ ಕನ್ನಡದ ದತ್ತಾಂಶವನ್ನು ಅದರಲ್ಲಿಯೇ ಇಡಬೇಕು.

ಎಲ್ಲಕ್ಕಿಂತ ಹೆಚ್ಚು ದಣಿಸುವ ದೋಷ ಕಣ್ಣಿಗೆ ಕಾಣದ್ದು. ಬಡಾವಣೆಗಳಿಗೆ ಹೆಸರಿನ ಪ್ರಕಾರ ಬಣ್ಣ ಹಚ್ಚಿದಾಗ ಪಟ್ಟಿಯಲ್ಲಿ ‘ಕೊಂಢ್ವಾ’ ಎರಡು ಸಲ ಬರುತ್ತದೆ, ಎರಡಕ್ಕೂ ಬೇರೆ ಬೇರೆ ಬಣ್ಣ. ಯುನಿಕೋಡಿನಲ್ಲಿ ‘ಕೊ’ ಎಂಬುದರ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ಎ’ಕಾರ ಮತ್ತು ‘ಊ’ಕಾರಗಳ ಎರಡು ಗುರುತುಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಕಾಣುವುದು ಒಂದೇ ಬಗೆಯಾದರೂ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ. ಹಳೆಯ ಫಾಂಟುಗಳಲ್ಲಿ ಅದನ್ನು ತುಂಡುತುಂಡಾಗಿ ಬರೆಯುತ್ತಿದ್ದರಿಂದ, ಪರಿವರ್ತನೆಯ ನಂತರವೂ ತುಂಡುಗಳು ಉಳಿದಿರುವುದುಂಟು. ‘ದಾದರ್’ ಎಂಬುದರ ಕೊನೆಯಲ್ಲಿ, ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವ, ಅದೃಶ್ಯವಾದ ಝಡ್‌ಡಬ್ಲ್ಯುಎನ್‌ಜೆ ಎಂಬ ಸಂಕೇತ ಉಳಿದಿದ್ದರೂ ಇದೇ ಗತಿ. ಲೆಂಗ್ತ್ ಎಂಬ ಫಂಕ್ಷನ್ ಹಚ್ಚಿ ಎರಡು ಹೆಸರುಗಳ ಉದ್ದವನ್ನು ಹೋಲಿಸಿದರೆ ವ್ಯತ್ಯಾಸ ತಕ್ಷಣ ಬಯಲಾಗುತ್ತದೆ. ಆಮೇಲೆ ಫೀಲ್ಡ್ ಕ್ಯಾಲ್ಕ್ಯುಲೇಟರಿನಲ್ಲಿ ರಿಪ್ಲೇಸ್ ಫಂಕ್ಷನ್ ಬಳಸಿ, 3270 ಮತ್ತು 3266 ಸಂಖ್ಯೆಯ ಸಂಕೇತಗಳ ಜೋಡಿಯನ್ನು 3274ಕ್ಕೆ ಬದಲಿಸಬಹುದು. 8204 ಸಂಖ್ಯೆಯ ಅದೃಶ್ಯ ಸಂಕೇತವನ್ನು ಪದದ ಕೊನೆಯಿಂದ ತೆಗೆಯಬಹುದು. ಪದದ ನಡುವಿನಿಂದ ಅದನ್ನು ತೆಗೆಯಬಾರದು, ತೆಗೆದರೆ ‘ಸ್ವಾರ್‌ಗೇಟ್’ ಎಂಬಲ್ಲಿ ಬೇಡದ ಒತ್ತಕ್ಷರ ಮೂಡುತ್ತದೆ.

ಕೆಲಸ ಕಳೆದುಹೋಗದಂತೆ

ಕ್ರ್ಯಾಶ್ ಆದಾಗ ಕೈತಪ್ಪುವುದು ಮುಖ್ಯವಾಗಿ ತಾತ್ಕಾಲಿಕ ಲೇಯರ್‌ಗಳು. ಮೆಮೊರಿಯಲ್ಲಷ್ಟೇ ಇರುವ ಸ್ಕ್ರ್ಯಾಚ್ ಲೇಯರ್‌ಗಳನ್ನು ಕೂಡಲೇ ಜಿಯೋಪ್ಯಾಕೇಜಿಗೆ ಉಳಿಸಿಕೊಳ್ಳಬೇಕು. ಜಿಯೋಪ್ಯಾಕೇಜನ್ನು ಕಚೇರಿಯ ನೆಟ್‌ವರ್ಕ್ ಡ್ರೈವಿನಲ್ಲಿಟ್ಟು ಹಲವರು ಒಟ್ಟಿಗೆ ತಿದ್ದುವ ಪದ್ಧತಿಯನ್ನು ಮಾತ್ರ ಬಿಡಬೇಕು. ಅದು ಒಳಗೊಳಗೆ ಎಸ್‌ಕ್ಯುಲೈಟ್ ದತ್ತಸಂಚಯ. ತಿದ್ದುವಾಗ ಅದರ ಪಕ್ಕದಲ್ಲಿ ಡಬ್ಲ್ಯುಎಎಲ್ ಎಂದು ಕೊನೆಗೊಳ್ಳುವ ಕಡತವೊಂದು ಹುಟ್ಟಿ, ಹೊಸ ಬದಲಾವಣೆಗಳು ಮೊದಲು ಅದರಲ್ಲಿ ಸೇರುತ್ತವೆ. ಈ ವ್ಯವಸ್ಥೆ ನೆಟ್‌ವರ್ಕ್ ಡ್ರೈವುಗಳ ಮೇಲೆ ಕೆಲಸ ಮಾಡುವುದಿಲ್ಲ ಎಂದು ಎಸ್‌ಕ್ಯುಲೈಟ್ ರಚಿಸಿದವರೇ ಹೇಳಿದ್ದಾರೆ. ಕ್ಯೂಜಿಐಎಸ್ ಮುಚ್ಚುವ ಮೊದಲೇ ಮುಖ್ಯ ಕಡತವನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡರೆ ಅಂದಿನ ತಿದ್ದುಪಡಿಗಳು ಹಿಂದೆಯೇ ಉಳಿಯಬಹುದು.

ಆವೃತ್ತಿಯ ವಿಷಯದಲ್ಲಿಯೂ ಶಿಸ್ತು ಬೇಕು. ಹೊಸ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟನ್ನು ಹಳೆಯದರಲ್ಲಿ ತೆರೆದಾಗ, ಹಳೆಯದಕ್ಕೆ ತಿಳಿಯದ ಚಿಹ್ನೆಗಳು ಕಾಣಿಸುವುದಿಲ್ಲ. ಅಲ್ಲಿಯೇ ಉಳಿಸಿದರೆ ಆ ಸೂಚನೆಗಳು ಕಡತದಿಂದಲೇ ಹೋಗಿಬಿಡುತ್ತವೆ. ಒಂದು ನಕ್ಷೆಯ ಮೇಲೆ ಕೆಲಸ ಮಾಡುವವರೆಲ್ಲ ಒಂದೇ ದೀರ್ಘಾವಧಿ ಆವೃತ್ತಿಯಲ್ಲಿ (ಹೆಚ್ಚು ಕಾಲ ದೋಷ ತಿದ್ದುಪಡಿಗಳು ಸಿಗುವ ಆವೃತ್ತಿ) ಇರುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಹೊಸ ಪ್ರೊಫೈಲಿನಲ್ಲಿ, ಸರಿಯಾದ ದತ್ತಾಂಶದೊಂದಿಗೆ, ಸರಳ ಚಿಹ್ನೆಯಲ್ಲಿಯೂ ತಂತ್ರಾಂಶ ಮುಚ್ಚಿಹೋದರೆ ಅದು ತಯಾರಕರಿಗೆ ತಿಳಿಸಬೇಕಾದ ದೋಷ. ಮುಚ್ಚುವಾಗ ಕಾಣಿಸುವ ಕ್ರ್ಯಾಶ್ ವರದಿಯನ್ನು ನಕಲು ಮಾಡಿಕೊಂಡು, ಹೆಲ್ಪ್ ಅಡಿಯ ಅಬೌಟ್ ಪುಟದಲ್ಲಿರುವ ಆವೃತ್ತಿಯ ವಿವರಗಳನ್ನು ಸೇರಿಸಿ, ಇಡೀ ಪ್ರಾಜೆಕ್ಟಿನ ಬದಲು ದೋಷ ತೋರಿಸುವ ಒಂದೇ ಲೇಯರಿನ ಒಂದೆರಡು ಆಕೃತಿಗಳನ್ನು ಮಾತ್ರ ಲಗತ್ತಿಸಿ. ದೋಷ ಕನ್ನಡ ಅಕ್ಷರಗಳಿಗೆ ಸಂಬಂಧಿಸಿದ್ದರೆ, ಹೇಗೆ ಕಾಣಬೇಕಿತ್ತು ಎಂಬ ಚಿತ್ರವನ್ನೂ ಹೇಗೆ ಕಾಣುತ್ತಿದೆ ಎಂಬ ಚಿತ್ರವನ್ನೂ ಜೊತೆಗಿಡಿ. ಅದನ್ನು ತಿದ್ದುವವರಿಗೆ ಕನ್ನಡ ಓದಲು ಬರುತ್ತದೆ ಎಂದು ಎಣಿಸುವಂತಿಲ್ಲ.